ಹನ್ನೆರಡು ಜನ, ಇಪ್ಪತ್ನಾಲ್ಕು ಪೆಟ್ಟಿಗೆ: ಮಿಲಿಟರಿ ತೋಟೆಗಳ ಪಾಲು ಖರೀದಿ

ರಷ್ಯಾ ಸೇನೆಯ ಹಳೆಯ ಮೋಸಿನ್ ನಾಗಂತ್ ಕೋವಿ ಇಟ್ಟುಕೊಂಡ ಅಮೆರಿಕದವರಿಗೆ 2012 ಸುಗ್ಗಿಯ ಕಾಲ. ಸೋವಿಯತ್ ಉಗ್ರಾಣಗಳಲ್ಲಿ ಮೂವತ್ತು ನಲವತ್ತು ವರ್ಷ ಮಲಗಿದ್ದ ತೋಟೆಗಳು ತಗಡಿನ ಡಬ್ಬಿಯಲ್ಲಿ ಬಿಗಿದದ್ದು ಬಿಗಿದ ಹಾಗೇ ಹಡಗಿನಲ್ಲಿ ಬಂದು ಇಳಿಯುತ್ತಿದ್ದವು. ಡಬ್ಬಿಗೆ 440, ಎರಡು ಡಬ್ಬಿಗೆ ಒಂದು ಮರದ ಪೆಟ್ಟಿಗೆ, ಅಲ್ಲಿಗೆ 880. 7.62 ಮಿ.ಮೀ. ಗುಂಡು, ಮದ್ದು ತುಂಬುವ ಲೋಹದ ಕೊಳವೆ ಅಂದರೆ ಕೇಸು 54 ಮಿ.ಮೀ., ಹಿಂಬದಿಯಲ್ಲಿ ಅಂಚು. 1891ರಲ್ಲಿ ರಷ್ಯಾ ಸೇನೆಗೆ ಸೇರಿದ ಈ ಅಳತೆ ಇಂದಿಗೂ ಬಳಕೆಯಲ್ಲಿದೆ. ಒಹಾಯೊದಲ್ಲಿ ಗುರಿ ಹೊಡೆಯುವ ಅಭ್ಯಾಸಕ್ಕೆ ಒಂದೇ ರೇಂಜಿಗೆ ಹೋಗುವ ನಾವು ಹನ್ನೆರಡು ಜನ, ಅದರಲ್ಲಿ ಕನ್ನಡದವರು ಮೂವರು, ಸರಕು ಪೇರಿಸುವ ಮರದ ಅಡಿಹಲಗೆಯ ಒಂದು ಪ್ಯಾಲೆಟ್‌ನಲ್ಲಿ 24 ಪೆಟ್ಟಿಗೆ ತರಿಸಿ ಹಂಚಿಕೊಂಡೆವು. ಒಟ್ಟು 21,120 ತೋಟೆ.

ಪಟ್ಟಿಗೆ ಹೆಸರು ಬರೆಯುವ ಮೊದಲೇ ಕೇಳಬೇಕಾದ ಪ್ರಶ್ನೆ ದುಡ್ಡಿನದಲ್ಲ, ವೀಸಾದ್ದು. ಎಚ್-1ಬಿ, ಎಫ್-1, ಎಲ್-1 ಥರದ ವೀಸಾದಲ್ಲಿ ಇರುವವರು ಕೋವಿ ಮಾತ್ರವಲ್ಲ, ಒಂದೇ ಒಂದು ತೋಟೆ ಇಟ್ಟುಕೊಂಡರೂ ಫೆಡರಲ್ ಅಪರಾಧ. ರಾಜ್ಯ ಕೊಡುವ ಬೇಟೆ ಪರವಾನಗಿ ಚಾಲ್ತಿಯಲ್ಲಿದ್ದರೆ ವಿನಾಯಿತಿ ಇದೆ, ಆದರೆ ಅದರ ಕಾಗದ ಕೈಯಲ್ಲಿರಬೇಕು, ಅವಧಿ ಮುಗಿದಿರಬಾರದು. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಗಾಂಜಾ ಸೇದುವುದು ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಫೆಡರಲ್ ಲೆಕ್ಕದಲ್ಲಿ ಸೇದುವವನು ಅನರ್ಹನೇ. ಗೊತ್ತಿದ್ದೂ ಅನರ್ಹನ ಕೈಗೆ ತೋಟೆ ಕೊಟ್ಟವನೂ ಸಿಕ್ಕಿಬೀಳುತ್ತಾನೆ. ಅದಕ್ಕೇ ಪ್ರತಿಯೊಬ್ಬರಿಂದ 'ನಾನು ಅರ್ಹ' ಎಂದು ಒಂದು ಹಾಳೆಯಲ್ಲಿ ಸಹಿ ಮಾಡಿಸಿಕೊಂಡೆವು. 'ಇಷ್ಟು ವರ್ಷದ ಸ್ನೇಹ, ಸಹಿ ಯಾಕಪ್ಪಾ' ಎಂದು ಮುಖ ಸಣ್ಣ ಮಾಡಿದವರಿದ್ದರು. ಆ ಹಾಳೆ ಇಲ್ಲದೆ ಮುಂದುವರಿಯಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇನ್ನೊಂದು ಪಥ್ಯ: ಪಾಲುದಾರರೆಲ್ಲ ಒಂದೇ ರಾಜ್ಯದವರಾಗಿರಲಿ. ತೋಟೆಯನ್ನು ದೂರದಿಂದ ನೇರ ಮನೆಗೆ ತರಿಸುವುದನ್ನು 1968ರ ಕಾಯ್ದೆ ತಡೆದಿತ್ತು, 1986ರ ತಿದ್ದುಪಡಿ ಮತ್ತೆ ಬಿಟ್ಟುಕೊಟ್ಟಿತು. ರಾಜ್ಯಗಳದ್ದು ಮಾತ್ರ ಒಂದೊಂದು ದಾರಿ. ಇಲಿನಾಯ್‌ನಲ್ಲಿ ಫಾಯ್ಡ್ ಕಾರ್ಡ್, ಅಂದರೆ ಕೋವಿ ಇಟ್ಟುಕೊಳ್ಳುವವರಿಗೆ ರಾಜ್ಯ ಕೊಡುವ ಗುರುತು ಚೀಟಿ, ಬೇಕು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ, ನ್ಯೂಯಾರ್ಕ್‌ನಲ್ಲಿ 2023ರ ಸೆಪ್ಟೆಂಬರಿಂದ ತೋಟೆ ಕೊಳ್ಳುವವರ ಹಿನ್ನೆಲೆ ತಪಾಸಣೆ ಶುರುವಾಯಿತು. ಗಡಿಯಾಚೆಯ ಗೆಳೆಯನಿಗೆ ಒಂದು ಡಬ್ಬಿ ಕಾರಿನಲ್ಲಿ ಹಾಕಿ ಕಳಿಸೋಣ ಅನ್ನುವುದು ಉಪಕಾರವಾಗದೆ ಉಪದ್ರವವಾದೀತು. ಸಂಘಟಕ ತನಗೆಂದು ಲಾಭ ಇಟ್ಟುಕೊಂಡರೆ ಅದು ಪಾಲು ಖರೀದಿಯಲ್ಲ, ವ್ಯಾಪಾರ. ಮಾರಾಟ ತೆರಿಗೆಯಿಂದ ಹಿಡಿದು ಎಲ್ಲವೂ ಹೆಗಲೇರುತ್ತದೆ.

ಮಾರುವವರ ಹತ್ತಿರ ಕೇಳಬೇಕಾದದ್ದು ದರಕ್ಕಿಂತ ಮೊದಲು ಫೋಟೊ. ಪೆಟ್ಟಿಗೆಯ ಪಕ್ಕದ ಅಚ್ಚು, ಡಬ್ಬಿಯ ಮೇಲಿನ ಅಚ್ಚು, ತೋಟೆಯ ತಳದ ಮುದ್ರೆ, ಈ ಮೂರೂ ಬೇಕು. ತಳದಲ್ಲಿ ಮೇಲೆ ಕಾರ್ಖಾನೆ ಸಂಖ್ಯೆ, ಕೆಳಗೆ ಇಸವಿಯ ಎರಡು ಅಂಕಿ. 188 ಅಂದರೆ ನೊವೊಸಿಬಿರ್ಸ್ಕ್, 17 ಬರ್ನೌಲ್, 60 ಆಗಿನ ಫ್ರುಂಜೆ (ಈಗ ಬಿಷ್ಕೆಕ್), 270 ಲುಗಾನ್ಸ್ಕ್. 10 ಇದ್ದರೆ ಬಲ್ಗೇರಿಯಾ, 21 ಇದ್ದರೆ ಹಂಗೇರಿ. ಪೆಟ್ಟಿಗೆಯ ಮೇಲೆ ರಷ್ಯನ್ ಅಕ್ಷರದಲ್ಲಿ 'ಎಲ್‌ಪಿಎಸ್' ಎಂದಿದ್ದರೆ ಉಕ್ಕಿನ ತಿರುಳಿನ ಹಗುರ ಗುಂಡು, ತೂಕ 148 ಗ್ರೇನ್ (ಸುಮಾರು ಒಂಬತ್ತೂವರೆ ಗ್ರಾಂ) ಆಸುಪಾಸು. ಅದರ ಮುಂದಿನ ಎರಡಕ್ಷರ ಕೇಸು ಉಕ್ಕಿನದು ಎಂದು ಹೇಳುತ್ತದೆ. ಕೆಳಗಿನ ಸಾಲಿನಲ್ಲಿ ಲಾಟ್ ಅಂದರೆ ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ, ಇಸವಿ, ಕಾರ್ಖಾನೆ. ಅದರ ಕೆಳಗೆ ಮದ್ದಿನ ಹೆಸರು ಮತ್ತು ಮದ್ದಿನದೇ ಬೇರೆ ಲಾಟ್.

ಗುಂಡಿನ ತುದಿಯ ಬಣ್ಣ ನೋಡದೆ ದುಡ್ಡು ಕಳಿಸಬಾರದು. ಬೆಳ್ಳಿ ಬಣ್ಣವಿದ್ದರೆ ಉಕ್ಕಿನ ತಿರುಳಿನ ಹಗುರ ಗುಂಡು, ಹಳದಿ ಇದ್ದರೆ 182 ಗ್ರೇನಿನ ಭಾರದ ಗುಂಡು. ಹಸಿರು ಕಂಡರೆ ಅದು ಬೆಳಕಿನ ಗೆರೆ ಎಳೆಯುವ ಟ್ರೇಸರ್. ಕಪ್ಪು ತುದಿ, ಕೆಳಗೆ ಕೆಂಪು ಪಟ್ಟೆ ಇದ್ದರೆ ಕವಚ ಭೇದಿಸಿ ಬೆಂಕಿ ಹಚ್ಚುವ ಜಾತಿಯದು. ಕೊನೆಯ ಎರಡನ್ನು ಬಹುತೇಕ ಕ್ಲಬ್ ರೇಂಜುಗಳು ಒಳಗೆ ಬಿಡುವುದಿಲ್ಲ. ಒಣ ಹುಲ್ಲಿಗೆ ಕಿಡಿ ಬಿದ್ದರೆ ಮಿಕ್ಕಿದ್ದು ಹೇಳಬೇಕಿಲ್ಲ. ಬಣ್ಣವೇ ಇಲ್ಲದಿದ್ದರೂ ಗಾಬರಿ ಬೇಡ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಬೆಳ್ಳಿ ಬಣ್ಣ ಬಳಿಯುವುದನ್ನು ಬಿಟ್ಟಿದ್ದರು.

ತೋಟೆಗೆ ವಾಪಸಾತಿ ಎಂಬುದಿಲ್ಲ, ಮಾರಿದ್ದು ಮಾರಿದಂತೆ. ಆದ್ದರಿಂದ ಪ್ಯಾಲೆಟ್‌ಗೆ ಮುಂಗಡ ಕೊಡುವ ಮುಂಚೆ ಒಂದೇ ಡಬ್ಬಿ ತರಿಸಿ, ಅದನ್ನು ಹನ್ನೆರಡು ಪಾಲು ಮಾಡಿ, ಅವರವರ ಕೋವಿಯಲ್ಲೇ ಹೊಡೆದು ನೋಡಿದೆವು. ಒಂದೊಂದು ಪಾಲಿಗೆ ಮೂವತ್ತಾರು ಬಂತು, ಉಳಿದ ಎಂಟು ಪರೀಕ್ಷೆಗೆ. ಈ ಒಂದು ಹೆಜ್ಜೆಗೆ ಮೂರು ವಾರ ಹಿಡಿಯಿತು, ದುಡುಕಿನವರು ಗೊಣಗಿದರು. ಆದರೆ ಇಬ್ಬರ ಕೋವಿಯಲ್ಲಿ ಕೇಪು, ಅಂದರೆ ಮದ್ದಿಗೆ ಕಿಡಿ ಹಚ್ಚುವ ತಳದ ಬಿಲ್ಲೆ, ಸಿಡಿಯದೆ ಉಳಿದದ್ದು ಗೊತ್ತಾದದ್ದು ಇಲ್ಲೇ. ತೋಟೆಯ ತಪ್ಪಲ್ಲ. ಮೋಸಿನ್ ಜೊತೆ ಬರುವ ಚಪ್ಪಟೆ ಸಲಕರಣೆಯಲ್ಲಿ 75, 95 ಎಂದು ಎರಡು ಕಚ್ಚುಗಳಿರುತ್ತವೆ. ತೋಟೆಯ ಹಿಂದೆ ಮುಚ್ಚುವ ಸರಳು ಬೋಲ್ಟು; ಅದರ ಮುಖದಿಂದ ಹೊರಬಂದು ಕೇಪಿಗೆ ಬಡಿಯುವ ಪಿನ್ನು 75ರ ಕಚ್ಚಿಗೆ ತಾಗಬೇಕು, 95ಕ್ಕೆ ತಾಗಬಾರದು. ಇಬ್ಬರದೂ 75ಕ್ಕೇ ತಾಗುತ್ತಿರಲಿಲ್ಲ. ಪಿನ್ನನ್ನು ಅರ್ಧ ಸುತ್ತು ತಿರುಗಿಸಿ ಸರಿ ಮಾಡಿದ ಮೇಲೆ ಒಂದೂ ತಪ್ಪಲಿಲ್ಲ. ಹೆಚ್ಚು ಹೊರಬಂದರೆ ಕೇಪು ತೂತಾಗಿ ಬಿಸಿ ಗಾಳಿ ಹಿಂದಕ್ಕೆ ನುಗ್ಗುತ್ತದೆ, ಅದು ಇನ್ನೂ ಕೆಟ್ಟದ್ದು.

ಇನ್ನು ಲೆಕ್ಕ. ಆಗ ಬಿಡಿಯಾಗಿ ಕೊಂಡರೆ ಪೆಟ್ಟಿಗೆಗೆ 180 ಡಾಲರ್ ಇತ್ತು, ಮನೆಗೆ ತರಿಸಲು 30. ಒಟ್ಟು 210, ತೋಟೆಗೆ 23.9 ಸೆಂಟ್. ಪ್ಯಾಲೆಟ್ ಲೆಕ್ಕದಲ್ಲಿ ಪೆಟ್ಟಿಗೆ 155ಕ್ಕೆ ಇಳಿಯಿತು, ಲಾರಿ ಬಾಡಿಗೆ 360, ಅಂದರೆ ಪೆಟ್ಟಿಗೆಗೆ 15. ಒಟ್ಟು 170. ಉಳಿತಾಯದ ಹೆಚ್ಚಿನ ಪಾಲು ಬಾಡಿಗೆಯದಲ್ಲ, ದರ ಇಳಿದದ್ದು. ಆದ್ದರಿಂದ ಆಮದುದಾರ ದರ ಇಳಿಸದೆ 'ಬಾಡಿಗೆ ಉಳಿಯುತ್ತದಲ್ಲ' ಅಂದರೆ ಪ್ಯಾಲೆಟ್‌ನ ತಲೆನೋವು ಬೇಡವೇ ಬೇಡ. ಮನೆ ವಿಳಾಸಕ್ಕೆ ತರಿಸಿದರೆ ಹೆಚ್ಚುವರಿ ಶುಲ್ಕ. ಲಾರಿಯ ಹಿಂಬಾಗಿಲಿನ ಲಿಫ್ಟ್ ಬಳಸಿದರೆ ಇನ್ನೊಂದು. ಬರುವ ಮುಂಚೆ ಫೋನ್ ಮಾಡಿಸಿಕೊಂಡರೆ ಮತ್ತೊಂದು. ನಮ್ಮಲ್ಲೊಬ್ಬರಿಗೆ ಟ್ರಾಕ್ಟರ್ ರಿಪೇರಿ ಶೆಡ್ಡು, ಫೋರ್ಕ್‌ಲಿಫ್ಟು ಇದ್ದದ್ದರಿಂದ ಈ ಮೂರೂ ತಪ್ಪಿದವು. ಇಲ್ಲದಿದ್ದರೆ ಸುಮಾರು 120 ಡಾಲರ್, ಪೆಟ್ಟಿಗೆಗೆ ಐದು, ಮಂಜು ಕರಗಿದ ಹಾಗೆ ಹೋಗುತ್ತಿತ್ತು.

ಊರಿನಲ್ಲಿ ಚೀಟಿ ನಡೆಸಿದವರಿಗೆ ಮುಂದಿನ ಭಾಗ ಹೊಸದಲ್ಲ. ಹೆಸರು ಕೊಡುವಾಗ ಇಪ್ಪತ್ತು ಜನ, ಚೆಕ್ ಬರೆಯುವಾಗ ಹನ್ನೆರಡು. ಹೆಸರಿನ ಜೊತೆಗೇ ಕಾಲುಭಾಗ ಮುಂಗಡ, ಇನ್‌ವಾಯ್ಸ್ ಬಂದ ಎರಡು ದಿನದೊಳಗೆ ಬಾಕಿ, ಹಿಂದೆ ಸರಿದರೆ ಆ ಪಾಲಿಗೆ ಬೇರೆ ಗಿರಾಕಿ ಸಿಗುವತನಕ ಮುಂಗಡ ವಾಪಸ್ಸಿಲ್ಲ. ಮೂರು ಸಾಲಿನ ಈ ನಿಯಮ ಎಲ್ಲರಿಗೂ ಮೊದಲೇ ಹೋಗಿತ್ತು. ಎರಡು ಪೆಟ್ಟಿಗೆ ಹೇಳಿದ್ದ ಒಬ್ಬರು ಇನ್‌ವಾಯ್ಸ್ ಬಂದ ಮೇಲೆ ಕೈಯೆತ್ತಿದರು, ನಾಲ್ಕು ದಿನದಲ್ಲಿ ಇನ್ನೊಬ್ಬರು ಸಿಕ್ಕರು, ಜಗಳವಾಗಲಿಲ್ಲ. ಕ್ರೆಡಿಟ್ ಕಾರ್ಡಿಗೆ ಶೇಕಡಾ ಮೂರು ಕೇಳಿದ್ದರಿಂದ ಚೆಕ್ಕಿನಲ್ಲೇ ಕಟ್ಟಿದೆವು. ಸಂಘಟಕರ ಸ್ವಂತ ಖಾತೆಗೆ ಹಣ ಹಾಕುವುದಕ್ಕಿಂತ ಇದಕ್ಕೆಂದೇ ಒಂದು ಖಾತೆ ತೆರೆದು ಇಬ್ಬರ ಸಹಿ ಇಡುವುದು ವಾಸಿ. ಮನಸ್ತಾಪ ಬಂದ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಸಾಕ್ಷಿ.

ಪೆಟ್ಟಿಗೆಯೊಂದು ಇಪ್ಪತ್ತೈದು ಕೆ.ಜಿ. ಚಿಲ್ಲರೆ ತೂಗುತ್ತದೆ. ಬಿಡಿಯಾಗಿ ಕಳಿಸುವಾಗ ಒಂದು ಕಟ್ಟು 30 ಕೆ.ಜಿ. ಮೀರಬಾರದು ಎಂಬ ನಿಯಮದೊಳಗೆ ಇದು ಸರಿಯಾಗಿ ಕೂರುತ್ತದೆ. ಆಗ ಕಟ್ಟಿನ ಮೇಲೆ ಓಆರ್‌ಎಂ-ಡಿ ಎಂಬ, ಒಳಗಿರುವುದು ಅಪಾಯದ ಸರಕು ಎಂದು ತಿಳಿಸುವ ಚೀಟಿ ಇರುತ್ತಿತ್ತು. 2021ರಿಂದ ಅದು ಹೋಗಿ ಮೇಲೆ ಕೆಳಗೆ ಕಪ್ಪಾದ ವಜ್ರಾಕೃತಿಯ ಗುರುತು ಬಂದಿದೆ. ಸರ್ಕಾರಿ ಅಂಚೆಯಲ್ಲಿ ತೋಟೆ ಕಳಿಸುವಂತಿಲ್ಲ, ಒಂದು ಪೊಟ್ಟಣವನ್ನೂ.

ಲಾರಿ ಬಂದ ದಿನ ಅವಸರ ಮಾಡುವವನು ಡ್ರೈವರ್. ಅವನ ಕೆಲಸ ಹಿಂಬಾಗಿಲವರೆಗೆ ಮಾತ್ರ. ಸಹಿ ಹಾಕುವ ಮುಂಚೆ ಕಾಗದದಲ್ಲಿ 'ಒಂದು ಪ್ಯಾಲೆಟ್' ಎಂದಿದೆಯೋ 'ಇಪ್ಪತ್ನಾಲ್ಕು ಪೆಟ್ಟಿಗೆ' ಎಂದಿದೆಯೋ ನೋಡಿ. ಒಂದು ಪ್ಯಾಲೆಟ್ ಎಂದಷ್ಟೇ ಇದ್ದರೆ, ಪ್ಲಾಸ್ಟಿಕ್ ಬಿಚ್ಚಿದಾಗ ಇಪ್ಪತ್ತಮೂರೇ ಸಿಕ್ಕರೂ ಕೇಳುವ ಹಾಗಿಲ್ಲ, ಪ್ಯಾಲೆಟ್ ಬಂದಿದೆಯಲ್ಲ! ಆರ್ಡರ್ ಕೊಡುವಾಗಲೇ ಪೆಟ್ಟಿಗೆಗಳ ಸಂಖ್ಯೆ ಬರೆಸಬೇಕು. ಪ್ಲಾಸ್ಟಿಕ್ ಸುತ್ತು ಬಿಚ್ಚದೆಯೇ ನಾಲ್ಕೂ ಬದಿಯ ಫೋಟೊ, ಎಣಿಕೆ, ಒಡೆದ ಹಲಗೆ, ಒದ್ದೆಯ ಕಲೆ ಇದ್ದರೆ ಆ ಕಾಗದದಲ್ಲೇ ಯಾವ ಮೂಲೆ, ಎಷ್ಟನೆಯ ಪೆಟ್ಟಿಗೆ ಎಂದು ಬರೆದು ಆಮೇಲೆ ಸಹಿ. 'ಪರಿಶೀಲನೆಗೆ ಒಳಪಟ್ಟು' ಎಂದು ಸುಮ್ಮನೆ ಗೀಚಿದರೆ ಏನೂ ಪ್ರಯೋಜನವಿಲ್ಲ. ಒಳಗಿನ ಹಾನಿ ತಿಳಿಸಲು ಆಗ ಹದಿನೈದು ದಿನ ಇತ್ತು, 2015ರಿಂದ ಅದು ಐದು ಕೆಲಸದ ದಿನಕ್ಕೆ ಇಳಿದಿದೆ.

ಒಂದು ವಾರದ ಮೇಲೆ ಸಾಗಣೆಯವರಿಂದ 48 ಡಾಲರಿನ ಹೆಚ್ಚುವರಿ ಬಿಲ್ಲು ಬಂತು. ಮಾರಿದವರು ತೂಕ ಹೇಳುವಾಗ ಪ್ಯಾಲೆಟ್‌ನ ಮರದ ತೂಕ ಬಿಟ್ಟಿದ್ದರು, ಸಾಗಣೆಯವರು ಮತ್ತೆ ತೂಗಿದ್ದರು. ಪೆಟ್ಟಿಗೆಗೆ ಎರಡು ಡಾಲರ್. 170 ಹೋಗಿ 172 ಆಯಿತು, ತೋಟೆಗೆ 19.5 ಸೆಂಟ್. ಇಂಥದ್ದಕ್ಕೆಂದು ಮೊದಲೇ ಪೆಟ್ಟಿಗೆಗೆ ಐದು ಡಾಲರ್ ಹೆಚ್ಚು ತೆಗೆದಿಟ್ಟು ಕೊನೆಗೆ ಉಳಿದದ್ದನ್ನು ವಾಪಸ್ ಕೊಡುವುದು ಸುಲಭ. ಎರಡೆರಡು ಡಾಲರ್ ಕೇಳಿಕೊಂಡು ಹನ್ನೆರಡು ಜನರ ಹಿಂದೆ ಅಲೆಯುವ ಕಷ್ಟ ಯಾರಿಗೂ ಬೇಡ.

ಹಂಚಿಕೆಯಲ್ಲಿ ತಕರಾರು ಬಂದದ್ದು ಲಾಟ್ ವಿಷಯಕ್ಕೆ. ಒಂದೇ ಲಾಟ್ ಎಂದು ಮಾತಾಗಿತ್ತು, ಬಂದದ್ದು ಎರಡು: ಹದಿನಾರು ಪೆಟ್ಟಿಗೆ ಒಂದರದು, ಎಂಟು ಇನ್ನೊಂದರದು. ಅದೇನು ಮಹಾ ಎನ್ನಬಹುದು. ಮದ್ದಿನ ಲಾಟ್ ಬದಲಾದರೆ ಗುಂಡು ಬೀಳುವ ಜಾಗವೂ ಸರಿಯುತ್ತದೆ. ಕಣ್ಗುರಿ ಒಂದಕ್ಕೆ ಹೊಂದಿಸಿಟ್ಟುಕೊಂಡವನಿಗೆ ಎರಡು ಬೆರೆತರೆ ತಪ್ಪು ಕೈಯದೋ ತೋಟೆಯದೋ ತಿಳಿಯುವುದಿಲ್ಲ. ಐದು ತೆಗೆದುಕೊಂಡವರು ಒಬ್ಬರು, ನಾಲ್ಕರವರು ಇಬ್ಬರು, ಮೂರರವರು ಇಬ್ಬರು, ಎರಡರವರು ಒಬ್ಬರು, ಅರ್ಧ ಪೆಟ್ಟಿಗೆಯವರು ಆರು ಜನ. ಐದು, ನಾಲ್ಕು, ನಾಲ್ಕು, ಮೂರು ಸೇರಿ ಹದಿನಾರು, ಮಿಕ್ಕಿದ್ದು ಎಂಟು. ಯಾರಿಗೂ ಬೆರಕೆ ಬಾರದ ಹಾಗೆ ಕೂಡಿಬಂತು. ಅದೃಷ್ಟ, ಜಾಣತನವೇನಲ್ಲ. ಮೂರರವರಲ್ಲಿ ಯಾರಿಗೆ ಯಾವ ಲಾಟ್ ಎಂಬುದಕ್ಕೆ ನಾಣ್ಯ ಚಿಮ್ಮಿದೆವು.

ಡಬ್ಬಿ ತೆರೆಯುವ ಕೀಲಿ ಎಲ್ಲ ಪೆಟ್ಟಿಗೆಯಲ್ಲೂ ಇರಲಿಲ್ಲ. ಅರ್ಧ ಪೆಟ್ಟಿಗೆಯವರು ಉಳಿ ಸುತ್ತಿಗೆ ಹಿಡಿದಾರು ಎಂಬ ಭಯಕ್ಕೆ ಕೀಲಿಗಳನ್ನು ಒಟ್ಟಿಗೆ ಇಟ್ಟುಕೊಂಡು ಸರದಿಯಲ್ಲಿ ಕೊಟ್ಟೆವು. ಉಳಿಯ ಮೊನೆ ಕೇಪಿಗೆ ತಾಗಬಹುದು. ಗ್ರೈಂಡರ್ ಅಂತೂ ಕಿಡಿ ಕಾರುವ ಯಂತ್ರ. ಕೀಲಿಯ ಕೊಕ್ಕೆಯನ್ನು ಅಂಚಿಗೆ ಸಿಕ್ಕಿಸಿ, ಹಿಡಿ ಒತ್ತಿದರೆ ಹಲ್ಲು ಒಂದು ಸೆಂಟಿಮೀಟರಿನಷ್ಟು ತಗಡು ಕತ್ತರಿಸುತ್ತದೆ. ಮೊದಲ ತೂತಿಗೆ 'ಸ್ಸ್' ಎಂದು ಗಾಳಿ ಸದ್ದು ಬಂದರೆ ಡಬ್ಬಿ ಇಷ್ಟು ವರ್ಷ ಬಿಗಿಯಾಗಿತ್ತು ಎಂದೇ ಅರ್ಥ. ಸುತ್ತು ಮುಗಿಸಲು ಹತ್ತು ನಿಮಿಷ. ಕತ್ತರಿಸಿದ ಅಂಚು ಗರಗಸದ ಹಾಗಿರುತ್ತದೆ, ದಪ್ಪ ಕೈಗವಸು ಬೇಕೇ ಬೇಕು. ಒಳಗೆ ಇಪ್ಪತ್ತರ ಕಾಗದದ ಪೊಟ್ಟಣಗಳು, ದಾರ ಕಟ್ಟಿದ್ದು, ಒಟ್ಟು ಇಪ್ಪತ್ತೆರಡು. ಒಂದು ಪೊಟ್ಟಣ ಅಡುಗೆಮನೆಯ ತಕ್ಕಡಿಯಲ್ಲಿ 450 ಗ್ರಾಂ ಆಸುಪಾಸು.

ಒಂದು ಡಬ್ಬಿ ಸದ್ದೇ ಮಾಡಲಿಲ್ಲ. ಅದರ ಕೆಳಗಿನ ಮೂಲೆಯಲ್ಲಿ ಬಣ್ಣದ ಅಡಿ ಸಾಸಿವೆಯಷ್ಟು ತುಕ್ಕಿನ ತೂತು. ಮೂರು ಪೊಟ್ಟಣ ಕಾಗದಕ್ಕೆ ಕಾಗದ ಅಂಟಿ ಕಂದಾಗಿದ್ದವು. ಅರವತ್ತು ತೋಟೆಗಳ ಕೇಸಿನ ಮೇಲೆ ಉಗುರಿಗೆ ಸಿಗುವ ತುಕ್ಕು. ಮೇಲಿನ ಹತ್ತೊಂಬತ್ತು ಪೊಟ್ಟಣ ಚೊಕ್ಕವಾಗಿದ್ದವು. ಒರೆಸಿದರೆ ಹೋಗುವ ಬಣ್ಣಗೆಡುಕಿಗೆ ಹೆದರಬೇಕಿಲ್ಲ, ಗುಳಿ ಬಿದ್ದ ತುಕ್ಕಿರುವ ಕೇಸು ಒಡೆಯಬಹುದು, ಅದನ್ನು ಹೊಡೆಯಬಾರದು. ಕೆಟ್ಟದ್ದು ಯಾರ ಪಾಲಿಗೆ ಬಂದರೂ ನಷ್ಟ ಎಲ್ಲರದು ಎಂದು ಮೊದಲೇ ಬರೆದಿದ್ದೆವು. ಹನ್ನೆರಡು ಡಾಲರಿನ ಒಳಗಿನ ನಷ್ಟ, ಪೆಟ್ಟಿಗೆಗೆ ಐವತ್ತು ಸೆಂಟ್ ಕೂಡ ಆಗಲಿಲ್ಲ. ಆ ನಿಯಮ ಇಲ್ಲದಿದ್ದರೆ ಇದೇ ಹನ್ನೆರಡು ಡಾಲರಿಗೆ ಎರಡು ಮನೆಯವರ ಮಾತು ನಿಲ್ಲುತ್ತಿತ್ತು. ಕೆಟ್ಟ ತೋಟೆಗಳನ್ನು ಕಸಕ್ಕೆ ಎಸೆಯುವಂತಿಲ್ಲ. ರೇಂಜಿನವರ ಕೆಂಪು ಡಬ್ಬಕ್ಕೆ ಹಾಕಿದೆವು.

ಮಾರುವವರು 'ಇದು ತುಕ್ಕು ಹಿಡಿಸದ ಕೇಪು' ಎಂದು ಎಷ್ಟು ಆಣೆ ಹಾಕಿದರೂ ಈ ಕಾಲದ ಸೋವಿಯತ್ ಮಿಲಿಟರಿ ಮಾಲನ್ನು ನಂಬುವಂತಿಲ್ಲ. ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಸಿಡಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಉಪ್ಪಿನ ಅಣ್ಣನೋ ತಮ್ಮನೋ, ನಳಿಗೆಯಲ್ಲಿ ಕೂರುತ್ತದೆ. ಅದು ಗಾಳಿಯ ತೇವ ಎಳೆದುಕೊಂಡು ಒಂದೇ ರಾತ್ರಿಯಲ್ಲಿ ಕಿತ್ತಳೆ ತುಕ್ಕು ತರಿಸುತ್ತದೆ. ಅನುಮಾನವಿದ್ದರೆ ಮೊಳೆ ಪರೀಕ್ಷೆ ಇದೆ: ಒಂದು ತೋಟೆಯ ಗುಂಡು ಕಿತ್ತು, ಮದ್ದು ಸುರಿದು, ಕೇಪು ಮಾತ್ರ ಉಳಿದ ಕೇಸನ್ನು ರೇಂಜಿನಲ್ಲಿ ಉಜ್ಜಿ ಹೊಳಪು ಮಾಡಿದ ಮೊಳೆಯ ಮೇಲೆ ಸಿಡಿಸಿ, ಸಿಡಿಸದ ಇನ್ನೊಂದು ಮೊಳೆಯ ಜೊತೆ ಬಚ್ಚಲಿನಲ್ಲಿ ಮೂರು ದಿನ ಇಡುವುದು. ನಮ್ಮ ಮೊಳೆ ಮರುದಿನವೇ ಕೆಂಪಾಯಿತು.

ಮದ್ದಿಗೂ ಮಸಿಗೂ ಬಳಸುವ ಎಣ್ಣೆ ದ್ರಾವಣಗಳಿಗೆ ಈ ಉಪ್ಪು ಕರಗುವುದಿಲ್ಲ. ನೀರಿಗೆ ಕರಗುತ್ತದೆ, ಅಷ್ಟೇ. ಗಾಜು ಒರೆಸುವ ದ್ರಾವಣ ಹಾಕಿ ಅಮೋನಿಯಾ ಉಪ್ಪನ್ನು ಕೊಲ್ಲುತ್ತದೆ ಎನ್ನುವವರಿದ್ದಾರೆ, ಕೆಲಸ ಮಾಡುವುದು ಅದರೊಳಗಿನ ನೀರು. ಒಂದು ಲೀಟರ್ ಕುದಿನೀರನ್ನು ಲಾಳಿಕೆಯಿಂದ ಚೇಂಬರ್ (ತೋಟೆ ಕೂರುವ ಗೂಡು) ಕಡೆಯಿಂದ ಹೊಯ್ದರೆ ಲೋಹವೂ ಬಿಸಿಯಾಗಿ ತಾನೇ ಒಣಗುತ್ತದೆ. ಬೋಲ್ಟಿನ ಮುಖ, ಪಿನ್ನಿನ ತುದಿ ಮರೆಯಬಾರದು. ಎಸ್‌ವಿಟಿ-40 ಥರದ, ಸಿಡಿದ ಗಾಳಿಯ ಒತ್ತಡದಿಂದ ತಾನೇ ತುಂಬಿಕೊಳ್ಳುವ ಗ್ಯಾಸ್ ಕೋವಿಯಾದರೆ ಪಿಸ್ಟನ್, ಗ್ಯಾಸ್ ಕೊಳವೆಯನ್ನೂ ತೊಳೆಯಬೇಕು. ಆಮೇಲೆ ಒಣ ಬಟ್ಟೆ, ಮಾಮೂಲಿ ಶುಚಿ, ಎಣ್ಣೆ. ಎರಡು ದಿನ ಬಿಟ್ಟು ಮತ್ತೊಂದು ಬಿಳಿ ಬಟ್ಟೆ ತೂರಿಸಿ ನೋಡಿ.

ಇಪ್ಪತ್ತು ಹೊಡೆದ ಮೇಲೆ ಬೋಲ್ಟ್ ಎತ್ತಲು ಅಂಗೈಯಲ್ಲಿ ಗುದ್ದಬೇಕಾದರೆ ದೂರು ತೋಟೆಯ ಮೇಲೆ ಬೀಳುತ್ತದೆ. ನಿಜವಾದ ಕಳ್ಳ ಚೇಂಬರಿನಲ್ಲಿ ಉಳಿದ ಹಳೆಯ ಕಾಸ್ಮೊಲಿನ್, ಅಂದರೆ ಉಗ್ರಾಣದಲ್ಲಿ ತುಕ್ಕು ಹಿಡಿಯದಂತೆ ಬಳಿದ ಗ್ರೀಸು. ಬಿಸಿಗೆ ಕರಗಿ ಕೇಸನ್ನು ಅಂಟಿಸುತ್ತದೆ. ಉಕ್ಕಿನ ಕೇಸು ಹಿತ್ತಾಳೆಯಷ್ಟು ಬೇಗ ಕುಗ್ಗುವುದೂ ಇಲ್ಲ. ದ್ರಾವಣ ಹಾಕಿ 20 ಗೇಜಿನ (ಶಾಟ್‌ಗನ್ ನಳಿಗೆಯ ಅಳತೆ) ಬ್ರಷ್ಷಿನಲ್ಲಿ ಚೇಂಬರ್ ಉಜ್ಜಿದರೆ ಸರಿಹೋಗುತ್ತದೆ. ಕೇಪು ಸಿಡಿಯದಿದ್ದರೆ ನಳಿಗೆ ಗುರಿಯ ಕಡೆಗೇ ಇರಲಿ, ಕನಿಷ್ಠ ಮೂವತ್ತು ಸೆಕೆಂಡು ಬೋಲ್ಟ್ ಮುಟ್ಟಬಾರದು. ಹಳೆಯ ಕೇಪು ತಡವಾಗಿ ಹತ್ತಿಕೊಳ್ಳುವುದುಂಟು. ಉಕ್ಕಿನ ತಿರುಳಿನ ಗುಂಡಿಗೆ ಅನೇಕ ರೇಂಜುಗಳಲ್ಲಿ ಪ್ರವೇಶವಿಲ್ಲ, ಬಾಗಿಲಲ್ಲೇ ಅಯಸ್ಕಾಂತ ಹಿಡಿಯುತ್ತಾರೆ. ಹೊರ ಹೊದಿಕೆಯಷ್ಟೇ ಉಕ್ಕಿನದಾದರೂ ಅಯಸ್ಕಾಂತ ಕಚ್ಚುತ್ತದೆ, ವಾದ ಮಾಡಿ ಪ್ರಯೋಜನವಿಲ್ಲ. ಪ್ಯಾಲೆಟ್ ತರಿಸುವ ಮುಂಚೆ ರೇಂಜಿನವರನ್ನು ಕೇಳಿಕೊಳ್ಳಿ.

ತೆರೆಯದ ಡಬ್ಬಿಗಳನ್ನು ಗ್ಯಾರೇಜಿನ ಕಾಂಕ್ರೀಟಿನ ಮೇಲೆ ಇಡಬಾರದು; ನೆಲ ಬೆವರುತ್ತದೆ. ಕೆಳಗೆ ಹಲಗೆ, ಗೋಡೆಯಿಂದ ಒಂದು ಗೇಣು ದೂರ, ಮನೆಯೊಳಗಿನ ತಂಪು ಒಣ ಜಾಗ. ತೆರೆದದ್ದನ್ನು ರಬ್ಬರ್ ಗ್ಯಾಸ್ಕೆಟ್ಟಿನ ಮಿಲಿಟರಿ ಡಬ್ಬಕ್ಕೆ ಪೊಟ್ಟಣ ಸಮೇತ ತುಂಬಿ, ಲಾಟ್ ಸಂಖ್ಯೆ ಬರೆದ ಚೀಟಿ ಹಾಕಿ. ಊರಿನ ಅಗ್ನಿಶಾಮಕ ನಿಯಮದಲ್ಲಿ ಮನೆಯಲ್ಲಿಡುವ ಪ್ರಮಾಣಕ್ಕೆ ಮಿತಿ ಇದೆಯೇ, ಮನೆ ವಿಮೆ ಏನೆನ್ನುತ್ತದೆ, ಎರಡನ್ನೂ ವಿಚಾರಿಸಿ.

ಆ ವರ್ಷದ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡದ ನಂತರ ಅಂಗಡಿಗಳ ಕಪಾಟು ಬರಿದಾದವು, ದರ ಮತ್ತೆ ಹಿಂದಿನ ಹಾದಿಗೆ ಬರಲಿಲ್ಲ. 2014ರ ಏಪ್ರಿಲಿನಲ್ಲಿ 5.45 ಮಿ.ಮೀ.ಯ 7ಎನ್6 ಎಂಬ ಇನ್ನೊಂದು ರಷ್ಯನ್ ಮಿಲಿಟರಿ ತೋಟೆಯ ಆಮದಿಗೆ ತಡೆ ಬಿತ್ತು. 2021ರ ಸೆಪ್ಟೆಂಬರ್ 7ರಿಂದ ರಷ್ಯಾದ ತೋಟೆಗಳಿಗೆ ಹೊಸ ಆಮದು ಪರವಾನಗಿಯೇ ನಿಂತಿತು. ಈಗ ಪಾಲು ಖರೀದಿಗೆ ಸಿಗುವುದು ಹೆಚ್ಚಾಗಿ ಚಿಲ್ಲರೆ ಮಾಲು: ಸ್ವಿಸ್ ಸೇನೆಯ ಜಿಪಿ-11 ತೋಟೆಯ 480ರ ಪೆಟ್ಟಿಗೆ ಕಂಡರೆ ಬಿಡಬೇಡಿ, ಅದರ ಕೇಪು ತುಕ್ಕು ತರಿಸುವುದಿಲ್ಲ. ಬ್ರಿಟಿಷರ ಕಾಲದ ಪಾಯಿಂಟ್ 303 ಅಳತೆಯ ತೋಟೆಯ ತಳದಲ್ಲಿ 'ಕೆಎಫ್' ಕಂಡರೆ ಅದು ನಮ್ಮ ಪುಣೆ ಪಕ್ಕದ ಖಡ್ಕಿ ಕಾರ್ಖಾನೆಯದು. ಅಭಿಮಾನಕ್ಕೆ ಒಂದು ಪೊಟ್ಟಣ ಕೊಳ್ಳಬಹುದು, ಪ್ಯಾಲೆಟ್ ಕೊಳ್ಳುವ ಮುಂಚೆ ಮೊಳೆ ಪರೀಕ್ಷೆ ಮಾಡಿ.

ಕೊಡಗಿನಲ್ಲಿ ಕೊಡವರಿಗೆ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವುದನ್ನು ನೋಡಿ ಬೆಳೆದವರು, ಊರಿನಲ್ಲೂ ಹೀಗೆ ಕೂಡಿ ತರಿಸಬಹುದೇ ಎಂದು ಕೇಳುತ್ತಾರೆ. ಆಗದು. ಅಲ್ಲಿ ಮಿಲಿಟರಿ ಅಳತೆ ನಿಷಿದ್ಧ ವರ್ಗದ್ದು, ತೋಟೆಯ ಎಣಿಕೆಗೂ ಮಿತಿ ಇದೆ. ಅದಕ್ಕಿಂತ ಮುಖ್ಯವಾದದ್ದು, ರೇಂಜಿಗೆ ಒಯ್ಯುವ ಬ್ಯಾಗನ್ನು ಊರಿನ ಪ್ರಯಾಣಕ್ಕೆ ಬಳಸಬೇಡಿ. ಹೊಲಿಗೆಯ ಸಂದಿಯಲ್ಲಿ ಉಳಿದ ಒಂದು ತೋಟೆ ಬೆಂಗಳೂರಿನ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು, ಮರೆತೆ ಎಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ಹೊಡೆದ ಖಾಲಿ ಕೇಸನ್ನು ಮಕ್ಕಳಿಗೆಂದು ಜೇಬಿನಲ್ಲಿ ಹಾಕಿಕೊಂಡು ಹೋಗುವುದೂ ಬೇಡ.